ಕ್ಲಚ್ಚು ಬಿರಸ ಐತ್ರಿ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ನಾನು ಬಾಯಿ ಬಿಡುವ ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತೇನೆ. ಬಿಸಿಯಿದ್ದರೆ, ನಾವು ಬರುವ ಮುಂಚೆಯೇ ಎಂಜಿನ್ ಓಡಿಸಿ ಇಟ್ಟಿದ್ದಾರೆ ಎಂದರ್ಥ. ತಣ್ಣಗಿರುವ ಎಂಜಿನ್ ಮೊದಲ ಸಲ ಹೇಗೆ ಏಳುತ್ತದೆ ಎಂದು ಕಿವಿಯಾರೆ ಕೇಳದೆ ಯಾವ ಹಳೆಯ ಕಾರನ್ನೂ ನಂಬಬಾರದು. ಆ ಭಾನುವಾರ ಬೆಳಿಗ್ಗೆ ಚಿಕ್ಕಲಸಂದ್ರದ ಮನೆಯೊಂದರ ಗೇಟಿನೊಳಗೆ ನಿಂತಿದ್ದ ಪುಟ್ಟ ಬಿಳಿ ಕಾರಿನ ಬಾನೆಟ್ ತಣ್ಣಗಿತ್ತು. ಒಳ್ಳೆಯ ಶುರು ಅಂದುಕೊಂಡೆ.

ಕಾರು ಬೇಕಾಗಿದ್ದದ್ದು ನನಗಲ್ಲ, ಪಕ್ಕದಲ್ಲಿ ಬ್ಯಾಗು ಅವುಚಿಕೊಂಡು ನಿಂತಿದ್ದ ನನ್ನ ವಿದ್ಯಾರ್ಥಿನಿಗೆ. ನಾನು ಕತ್ರಿಗುಪ್ಪೆಯಲ್ಲಿ ಹೆಂಗಸರಿಗೆ ಕಾರು ಕಲಿಸುತ್ತೇನೆ. ಇರುವುದು ಒಂದೇ ಗಾಡಿ, ಕಲಿಸುವವಳು ನಾನೊಬ್ಬಳೇ. ಈ ಹುಡುಗಿ ಗದಗದ ಕಡೆಯವಳು, ಬಿಟಿಎಂನಲ್ಲಿ ಇಬ್ಬರು ಗೆಳತಿಯರ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಫಿಸಿಯೋಥೆರಪಿಸ್ಟ್. ಮಂಡಿ ಆಪರೇಷನ್ ಆದವರು, ಪಾರ್ಶ್ವವಾಯು ಹೊಡೆದವರು, ಇಂಥವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುವ ಕೆಲಸ. ನೋವಿಗೆ ಕರೆಂಟು ಕೊಡುವ ಭಾರವಾದ ಒಂದು ಮೆಷಿನ್ನು, ಮಡಚುವ ವಾಕರು ಹೊತ್ತುಕೊಂಡು ದಿನಕ್ಕೆ ಆರು ಆಟೋ ಹತ್ತಿ ಇಳಿಯುತ್ತಿದ್ದಳು. ಅವಳ ಕಂಪನಿಯವರು ಒಂದು ಮಾತು ಹೇಳಿದ್ದರು. ಬರುವ ತಿಂಗಳ ಒಂದನೇ ತಾರೀಕಿಗೆ ಸ್ವಂತ ಕಾರು ಇದ್ದರೆ ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ಪೇಷಂಟುಗಳೆಲ್ಲ ಅವಳಿಗೆ. ಇಲ್ಲದಿದ್ದರೆ ಆ ಕೆಲಸ ಬೇರೆಯವರಿಗೆ, ಅವಳಿಗೆ ಕ್ಲಿನಿಕ್ಕಿನ ಮೇಜಿನ ಮುಂದೆ ಕೂತು ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವ ಕೆಲಸ.

"ಕುಂತ ಮಾಡೂ ಕೆಲಸ ನನಗ ಬ್ಯಾಡ್ರಿ ಮೇಡಂ," ಅಂದಿದ್ದಳು. "ನಾ ಕಲ್ತದ್ದು ಮಂದೀನ ಎಬ್ಬಿಸಿ ನಡಸೂದು."

ಆ ಮಾತು ನನಗೆ ನಾಟಿತ್ತು. ಲೈಸೆನ್ಸ್ ಆಗಲೇ ಕೈಗೆ ಬಂದಿತ್ತು. ಒಂದನೇ ತಾರೀಕಿಗೆ ಇನ್ನು ನಾಲ್ಕು ವಾರ ಇತ್ತು. ಕೈಕೊಡದ ಕಾರು ಹುಡುಕಿಕೊಡುವ ಜವಾಬ್ದಾರಿ ನನ್ನದು ಎಂದು ನಾನೇ ಮೈಮೇಲೆ ಎಳೆದುಕೊಂಡಿದ್ದೆ.

ಬಿಳಿ ಕಾರಿನ ಮಾಲೀಕರು ನಿವೃತ್ತ ಗಣಿತದ ಮೇಷ್ಟ್ರು. ಕಣ್ಣಿನ ಡಾಕ್ಟರು ಇನ್ನು ಓಡಿಸಬೇಡಿ ಅಂದಿದ್ದರಿಂದ ಮಾರುತ್ತಿದ್ದರು. ನಾನು ನನ್ನ ಕ್ರಮದಲ್ಲಿ ಶುರು ಮಾಡಿದೆ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅದರ ಒಳಮೈ ನೋಡಿದೆ. ಅಲ್ಲಿ ಮೊಸರಿನಂಥ ಬಿಳಿ ಕೆನೆ ಕಟ್ಟಿದ್ದರೆ ಆಯಿಲಿಗೆ ನೀರು ಸೇರುತ್ತಿದೆ ಎಂದು ಲೆಕ್ಕ. ಕೆನೆ ಇರಲಿಲ್ಲ. ಬಾಗಿಲುಗಳ ರಬ್ಬರ್ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕಿಗಳು ಸಾಲಾಗಿವೆಯೇ ಎಂದು ನೋಡಿದೆ. ಅಪಘಾತವಾಗಿ ರಿಪೇರಿಯಾದ ಗಾಡಿಯಲ್ಲಿ ಅವು ಸೊಟ್ಟಗಿರುತ್ತವೆ, ಇಲ್ಲಿ ಸಾಲಾಗೇ ಇದ್ದವು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಗೆ ಕೈ ಹಾಕಿದೆ. ಮಳೆನೀರಿನಲ್ಲಿ ಮುಳುಗಿ ಎದ್ದ ಗಾಡಿಯಾದರೆ ಅಲ್ಲಿ ನಯವಾದ ಮಣ್ಣು ಸಿಗುತ್ತದೆ. ಇಲ್ಲಿ ಸಿಕ್ಕಿದ್ದು ಒಂದು ಹಳೆಯ ಪೆನ್ನಿನ ಕ್ಯಾಪು. ಹಿಂದಿನ ಬಂಪರಿನ ಎಡಮೂಲೆಯಲ್ಲಿ ಗೇಟಿನ ಕಂಬಕ್ಕೆ ಉಜ್ಜಿದ ಗೀರಿತ್ತು. ಗೀರಿಗೆ ಬಣ್ಣ ಹೊಡೆಸದೆ ಹಾಗೇ ಬಿಟ್ಟಿದ್ದರು. ಮಾರುವ ಆಸೆಗೆ ಮುಖ ತೊಳೆಸದ ಕಾರನ್ನು ಕಂಡರೆ ನನಗೆ ಗೌರವ. ಎರಡು ಏರ್‌ಬ್ಯಾಗ್ ಇತ್ತು, ಸರ್ವಿಸ್ ಪುಸ್ತಕದಲ್ಲಿ ಒಂದು ವರ್ಷವೂ ತಪ್ಪಿರಲಿಲ್ಲ.

ಕೊನೆಗೆ ಕ್ಲಚ್ ಪರೀಕ್ಷೆ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟೆ. ಎಂಜಿನ್ ಗಕ್ಕನೆ ನಿಂತಿತು. ಪ್ಲೇಟು ಸವೆದಿದ್ದರೆ ಅದು ಹಾಗೆ ನಿಲ್ಲದೆ ಓಡುತ್ತಲೇ ಇರುತ್ತದೆ. ನಾನೇ ಒಂದು ಸುತ್ತು ಓಡಿಸಿದೆ. ಎಲ್ಲ ಸರಿಯಾಗಿತ್ತು.

ಆಮೇಲೆ ಹುಡುಗಿ ಸ್ಟೀರಿಂಗ್ ಹಿಡಿದಳು, ನಾನು ಎಂದಿನಂತೆ ಅವಳ ಎಡಕ್ಕೆ ಕೂತೆ, ಮೇಷ್ಟ್ರು ಹಿಂದೆ. ಮನೆಯ ಮುಂದಿನ ರಸ್ತೆಯಲ್ಲಿ ಸರಾಗವಾಗಿ ಹೋದಳು. ಮೂಲೆಯಲ್ಲಿ ಚಿಕ್ಕದೊಂದು ಏರು. ಎದುರಿಂದ ಹಾಲಿನ ವ್ಯಾನು ಬಂದಿದ್ದರಿಂದ ಅಲ್ಲಿ ನಿಲ್ಲಿಸಬೇಕಾಯಿತು. ಮತ್ತೆ ಹೊರಡಿಸಲು ಹೋದಾಗ ಕಾರು ನಡುಗಿ ಆಫ್ ಆಯಿತು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಹಿಂದಕ್ಕೆ ಜಾರಿತು, ಹ್ಯಾಂಡ್‌ಬ್ರೇಕ್ ನಾನೇ ಎಳೆದೆ.

"ಬಂದ್ ಬೀಳಾಕತ್ತೇತ್ರಿ ಮೇಡಂ. ಕ್ಲಚ್ಚು ಭಾಳ ಬಿರಸ ಐತ್ರಿ."

ಬಿರುಸು ಅಂದರೆ ನಮ್ಮಲ್ಲಿ ರಭಸ. ಕ್ಲಚ್ಚು ರಭಸವಾಗಿ ಹಿಡಿಯುತ್ತಿದೆ ಅನ್ನುತ್ತಿದ್ದಾಳೆ ಎಂದುಕೊಂಡೆ. ಅವಳ ಕಡೆ ಅದಕ್ಕೆ ಗಟ್ಟಿ ಎಂಬ ಅರ್ಥವಂತೆ, ಒಣಗಿದ ರೊಟ್ಟಿ ಬಿರುಸಾಗುವ ಹಾಗೆ. ಅವಳೇ ಬಿಡಿಸಿ ಹೇಳಿದಳು. "ನಮ್ಮ ಸ್ಕೂಲ್ ಗಾಡೀದು ಬೆಣ್ಣಿ ಇದ್ದಂಗ ಐತ್ರಿ. ಕಾಲ್ ಇಟ್ರ ಸಾಕು, ತಾನ ಹೋಕ್ಕೇತಿ."

ನಾನು ದೊಡ್ಡ ಡಾಕ್ಟರಂತೆ ತಲೆಯಾಡಿಸಿದೆ. ನನ್ನ ಕೈಯಲ್ಲಿ ಸರಿಯಾಗಿ ಓಡಿದ ಗಾಡಿ ಅವಳ ಕೈಯಲ್ಲಿ ನಿಂತರೆ, ಪ್ಲೇಟು ಸವೆದು, ಪೆಡಲು ತೀರಾ ಮೇಲೆ ಬಂದಾಗಲಷ್ಟೇ ಕ್ಲಚ್ಚು ಹಿಡಿಯುತ್ತಿರಬೇಕು, ಅನುಭವಿಗಳಿಗೆ ಅದು ಗೊತ್ತಾಗುವುದಿಲ್ಲ, ಹೊಸಬರಿಗೆ ತೊಂದರೆ. ಹೀಗೆಂದು ಮನಸ್ಸಿನಲ್ಲೇ ತೀರ್ಪು ಬರೆದುಬಿಟ್ಟೆ. ಮೂರನೇ ಗೇರಿನ ಪರೀಕ್ಷೆ ಹೇಳಿದ್ದನ್ನು ಮರೆತೇಬಿಟ್ಟೆ.

"ಸಾರ್, ನಿಮ್ಮ ಕ್ಲಚ್ ಪ್ಲೇಟ್ ಮುಗ್ದಿದೆ," ಅಂದೆ.

ಮೇಷ್ಟ್ರ ಮುಖ ಸಣ್ಣದಾಯಿತು. "ಇಲ್ಲಮ್ಮ, ಈಗ ಮೂರು ತಿಂಗಳ ಹಿಂದೆ ಸರ್ವಿಸ್ ಮಾಡ್ಸಿದೀನಿ."

"ನಾನು ದಿನಾ ಇದನ್ನೇ ನೋಡೋದು ಸಾರ್," ಅಂದು ಕಾರಿನಿಂದ ಇಳಿದು ಬಂದೆ.

ಬುಧವಾರ ಶ್ರೀನಗರದಲ್ಲಿ ಎರಡನೆಯ ಕಾರು, ಕೆಂಪು ಬಣ್ಣದ್ದು. ಅದರ ಒಂದು ಬಾಗಿಲಿಗೆ ಹೊಸದಾಗಿ ಪೇಂಟ್ ಹೊಡೆದಿತ್ತು, ರಬ್ಬರಿನ ಅಂಚಿಗೆ ಬಣ್ಣ ಸಿಡಿದಿತ್ತು. ಅಷ್ಟು ಬಿಟ್ಟರೆ ಎಂಜಿನ್ ಗಟ್ಟಿ. ಶ್ರೀನಗರದ ಅಡ್ಡರಸ್ತೆಗಳಲ್ಲಿ ಏರಿಗೆ ಬರವೇ? ಅಲ್ಲೂ ಗಾಡಿ ಆಫ್ ಆಯಿತು, ಅಲ್ಲೂ ಹುಡುಗಿ ಅದೇ ಮಾತು ಹೇಳಿದಳು. ಎರಡು ಬೇರೆ ಬೇರೆ ಕಾರು, ಎರಡು ಕಂಪನಿಯವು, ದೂರು ಮಾತ್ರ ಒಂದೇ. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಈಗಿನ ಜನ ಕಾರನ್ನು ತೊಳೆಯುತ್ತಾರೆಯೇ ಹೊರತು ಕ್ಲಚ್ ನೋಡಿಕೊಳ್ಳುವುದಿಲ್ಲ ಎಂದು ದಾರಿಯುದ್ದಕ್ಕೂ ಬೈದುಕೊಂಡು ಬಂದೆ.

ಮುಂದಿನ ಭಾನುವಾರ ಜೆ.ಪಿ. ನಗರದ ಒಂದು ಯಾರ್ಡಿಗೆ ಹೋದೆವು. ಹತ್ತಿಪ್ಪತ್ತು ಕಾರುಗಳನ್ನು ಒತ್ತೊತ್ತಾಗಿ ನಿಲ್ಲಿಸಿಕೊಂಡ ಡೀಲರು ಬೂದು ಬಣ್ಣದ ಒಂದನ್ನು ತೋರಿಸಿದ. ಬಾನೆಟ್ ಬೆಚ್ಚಗಿತ್ತು.

"ಸಖತ್ ಪೀಸ್ ಮೇಡಂ. ಸಿಂಗಲ್ ಓನರ್, ಲೇಡಿ ಡ್ರಿವನ್. ಮೂವತ್ತು ಸಾವಿರ ಕಿಲೋಮೀಟರ್ ಕೂಡ ಓಡಿಲ್ಲ. ಆಫೀಸು, ಮನೆ, ಅಷ್ಟೇ."

"ಹೆಂಗಸರು ಓಡಿಸಿದ್ರೆ ಗಾಡಿ ಸವೆಯಲ್ವೇನಪ್ಪ?" ಎಂದು ಕೇಳಿದೆ. ಅವನು ನಕ್ಕ.

ಕಾರು ಮದುವಣಗಿತ್ತಿಯ ಹಾಗೆ ಮಿಂಚುತ್ತಿತ್ತು. ನನಗೆ ಅನುಮಾನ ಬಂದದ್ದು ಎಡಗಡೆ ಮುಂದಿನ ಸೀಟಿನ ಕೆಳಗೆ ಮಾತ್ರ ಹಾಸಿದ್ದ ಹೊಸ ಮ್ಯಾಟಿನಿಂದ. ಉಳಿದ ಮೂರೂ ಕಡೆ ಹಳೆಯದೇ ಇತ್ತು. ಏನೋ ಚೆಲ್ಲಿರಬಹುದು ಎಂದು ಸುಮ್ಮನಾದೆ. ಹುಡುಗಿ ಹತ್ತಿದಳು, ನಾನು ಎಡಕ್ಕೆ, ಡೀಲರು ಹಿಂದೆ. ಸ್ವಲ್ಪ ದೂರದಲ್ಲಿ ಏರು ಬಂತು. ಏರಿನ ನಡುವೆ ನೀರಿನ ಟ್ಯಾಂಕರೊಂದು ಯಾರದೋ ಸಂಪಿಗೆ ಪೈಪು ಇಳಿಸುತ್ತಾ ನಿಂತಿತ್ತು. ನಾವು ನಿಂತೆವು. ದಾರಿ ಬಿಟ್ಟ ಮೇಲೆ ಹುಡುಗಿ ಕ್ಲಚ್ ಎತ್ತತೊಡಗಿದಳು.

ಆಗ ನನ್ನ ಎಡಗಾಲು ನೆಲವನ್ನು ಒತ್ತಿತು.

ತೆಳು ಚಪ್ಪಲಿಯ ಕೆಳಗೆ ಮ್ಯಾಟು ಕುಸಿಯಿತು. ಹಿಮ್ಮಡಿ ಒಂದು ಹಳ್ಳದಲ್ಲಿ ಕೂತಿತು, ಯಾರೋ ನನಗೆಂದೇ ಅಳತೆ ತೆಗೆದು ಮಾಡಿದಂಥ ಹಳ್ಳ. ಅಷ್ಟರಲ್ಲಿ ಕಾರು ಆಫ್ ಆಗಿ ಹಿಂದಕ್ಕೆ ಜಾರಿತು. ಹಿಂದಿದ್ದ ಸ್ಕೂಟರಿನವನು ಹಾರ್ನ್ ಒತ್ತಿ ಹಿಡಿದ. ನಾನು ಹ್ಯಾಂಡ್‌ಬ್ರೇಕ್ ಎಳೆದು, ಕಾರನ್ನು ಪಕ್ಕಕ್ಕೆ ಹಾಕಿಸಿ, ಕೆಳಗಿಳಿದು ಮ್ಯಾಟ್ ಎತ್ತಿದೆ. ಅಡಿಯಲ್ಲಿ ತಗಡು ತಗ್ಗಾಗಿತ್ತು. ಅದರ ಮುಂದೆ, ಎಂಜಿನ್ ಕಡೆಯ ತಗಡಿನಲ್ಲಿ ನಾಲ್ಕು ಬೋಲ್ಟಿನ ತೂತುಗಳು, ಅವಕ್ಕೆ ರಬ್ಬರ್ ಬಿರಡೆ.

"ಇದೇನಪ್ಪ?"

"ಸ್ಪೀಕರ್ ಹಾಕ್ಸಿದ್ರು ಅನ್ಸುತ್ತೆ ಮೇಡಂ."

"ಕಾಲ ಕೆಳಗೆ ಸ್ಪೀಕರ್ ಇಟ್ಕೊಂಡು ಹಾಡು ಕೇಳ್ತಿದ್ರಾ?"

ಅದು ಡ್ರೈವಿಂಗ್ ಸ್ಕೂಲಿನ ಗಾಡಿಯಾಗಿತ್ತು. ಕಲಿಸುವ ಗಾಡಿಗಳಲ್ಲಿ ಎಡಗಡೆ ಕೂರುವ ಟೀಚರಿಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಅವು ಡ್ರೈವರಿನ ಪೆಡಲುಗಳಿಗೆ ಜೋಡಣೆಯಾಗಿರುತ್ತವೆ, ಈ ಕಡೆ ಒತ್ತಿದರೆ ಆ ಕಡೆಯದೂ ಒಳಗೆ ಹೋಗುತ್ತದೆ. ಮಾರುವಾಗ ಎಡಗಡೆಯದನ್ನು ಕಿತ್ತುಹಾಕುತ್ತಾರೆ, ತೂತು ಉಳಿಯುತ್ತದೆ. ಹತ್ತೊಂಬತ್ತು ವರ್ಷದಿಂದ ಅಂಥ ಪೆಡಲುಗಳ ಮೇಲೆ ಕಾಲಿಟ್ಟು ಹೊಟ್ಟೆ ಹೊರೆದವಳಿಗೆ ಸ್ಪೀಕರ್ ಕಥೆ ಹೇಳಿದ್ದ ಆಸಾಮಿ. ದಿನಕ್ಕೆ ಹತ್ತು ಜನ ಹೊಸಬರು ಜಜ್ಜಿದ ಗೇರು, ಕ್ಲಚ್ಚು. ಮೀಟರಿನಲ್ಲಿದ್ದ ಆ ಮೂವತ್ತು ಸಾವಿರ ಎಷ್ಟನೆಯ ಮೂವತ್ತು ಸಾವಿರವೋ. ಚೆನ್ನಾಗಿ ಝಾಡಿಸಿ ಹೊರಗೆ ಬಂದೆ. ಗೆದ್ದ ಖುಷಿಯಲ್ಲಿ ಹುಡುಗಿಗೆ ಎಳನೀರು ಕೊಡಿಸಿದೆ.

ಸ್ಟ್ರಾ ಬಾಯಿಗಿಟ್ಟವಳು ಅದನ್ನು ತೆಗೆದು ಕೇಳಿದಳು. "ಮ್ಯಾಟಿನ ಕೆಳಗಿಂದು ನಿಮಗ ಹೆಂಗ ಗೊತ್ತಾತ್ರಿ ಮೇಡಂ?"

"ಕಾಲಿಗೆ ಗೊತ್ತಾಯ್ತು."

"ಖರೇ. ಆದ್ರ ಅಲ್ಲೆ ಕಾಲ್ ಯಾಕ ಒತ್ತಿದ್ರಿ?"

ಯಾವ ಕಪಟವೂ ಇಲ್ಲದೆ ಕೇಳಿದ್ದಳು. ಅಭ್ಯಾಸ ಅಂದೆ. ಆದರೆ ಮನೆಗೆ ಬಂದ ಮೇಲೂ ಅದೇ ಯೋಚನೆ. ಅವಳು ಏರಿನಲ್ಲಿ ಕ್ಲಚ್ ಎತ್ತುವ ಹೊತ್ತಿಗೆ ನನ್ನ ಕಾಲು ಒತ್ತಿತ್ತು. ಯೋಚಿಸಿ ಒತ್ತಿದ್ದಲ್ಲ, ತಾನೇ ಒತ್ತಿತ್ತು. ಹಾಗಿದ್ದರೆ ನನ್ನ ಗಾಡಿಯಲ್ಲಿ? ಬೆಣ್ಣೆಯಂಥ ಕ್ಲಚ್ಚು ಅಂದಿದ್ದಳಲ್ಲ, ಕಾಲಿಟ್ಟರೆ ತಾನೇ ಹೋಗುತ್ತದೆ ಅಂದಿದ್ದಳಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೆ ಅವಳನ್ನು ನನ್ನ ಗಾಡಿಯಲ್ಲಿ ಶ್ರೀನಗರದ ಒಂದು ಏರಿಗೆ ಕರೆದುಕೊಂಡು ಹೋದೆ. ತಿಂಗಳಿಡೀ ಅವಳು ಸಲೀಸಾಗಿ ಹತ್ತಿದ್ದ ಏರು ಅದು. ನಡುವೆ ನಿಲ್ಲಿಸಲು ಹೇಳಿ, ಎರಡೂ ಕಾಲು ಸೀಟಿನ ಮೇಲೆತ್ತಿ ಚಕ್ಕಂಬಕ್ಕಲ ಹಾಕಿ ಕೂತೆ. "ಹೊರಡು."

ಆಫ್ ಆಯಿತು. ಮತ್ತೆ ಆಫ್ ಆಯಿತು. ಏಳು ಸಲ ಎಣಿಸಿದೆ.

"ಇವತ್ತ ಈ ಗಾಡೀದೂ ಬಿರಸ ಆಗೇತ್ರಿ ಮೇಡಂ," ಅಂದಳು ಹುಡುಗಿ, ಹಣೆ ಒರೆಸಿಕೊಳ್ಳುತ್ತಾ.

ಹೇಳದೆ ಗತಿಯಿರಲಿಲ್ಲ. ಹೇಳಿದೆ. "ಗಾಡೀಲಿ ಏನೂ ಆಗಿಲ್ಲ ಕಣಮ್ಮ. ಇಷ್ಟು ದಿನ ನಿನ್ನ ಕ್ಲಚ್ಚನ್ನ ಅರ್ಧ ನಾನೇ ಒತ್ತುತಿದ್ದೆ. ನನಗೇ ಗೊತ್ತಿರ್ಲಿಲ್ಲ."

ಅವಳು ಬಗ್ಗಿ ನನ್ನ ಕಡೆಯ ಪೆಡಲುಗಳನ್ನು ನೋಡಿದಳು. "ಅಂದ್ರ ನನಗ ಗಾಡಿ ಬರೂದೇ ಇಲ್ಲೇನ್ರಿ?"

"ಸಮತಟ್ಟು ರಸ್ತೇಲಿ ಬರುತ್ತೆ. ಏರಲ್ಲಿ ಬರಲ್ಲ."

"ಲೈಸೆನ್ಸ್ ಬಂತಲ್ರಿ."

"ಟೆಸ್ಟ್ ಕೊಟ್ಟಿದ್ದು ಸಮತಟ್ಟು ಜಾಗದಲ್ಲಿ."

ಬಾಗಿಲು ತೆಗೆದು ಇಳಿದು ನಡೆದುಕೊಂಡು ಹೋದಳು. ಹೊಸಬರು ಹೆದರಬಾರದು, ಗಾಡಿ ಆಫ್ ಆಗಿ ಹಿಂದಿನವರ ಹಾರ್ನು, ಬೈಗುಳ ಕೇಳಬಾರದು ಎಂಬುದು ನನ್ನ ಅಕ್ಕರೆಯಾಗಿತ್ತು. ಆ ಅಕ್ಕರೆಯೇ ಅವಳನ್ನು ಕುಂಟಿಯನ್ನಾಗಿ ಮಾಡಿತ್ತು. ಇಂಥವರು ಇನ್ನೆಷ್ಟು ಜನ ನನ್ನ ಕೈಯಿಂದ ದಾಟಿಹೋಗಿ ಯಾವ ಯಾವ ಏರುಗಳಲ್ಲಿ ಹಿಂದಕ್ಕೆ ಜಾರಿದ್ದಾರೋ ಎಂದು ನೆನೆದರೆ ನಾಚಿಕೆಯಾಯಿತು. ಭಯವೂ ಆಯಿತು. ಕಂಡವರ ಮನೆಯ ಕಾರಿಗೆ ಹೆಸರಿಟ್ಟು ಬಂದಿದ್ದೆ ಬೇರೆ.

ಎರಡು ದಿನ ಅವಳ ಫೋನಿಲ್ಲ. ಗುರುವಾರ ಆರು ಗಂಟೆಗೆ ಮುಂಚೆಯೇ ಗೇಟಿನ ಹತ್ತಿರ ನಿಂತಿದ್ದಳು. ಮುಖದಲ್ಲಿ ಸಿಟ್ಟು ಹಾಗೇ ಇತ್ತು.

"ಹದಿನೇಳು ದಿನ ಅದಾವ್ರಿ," ಅಂದಳು. "ನಿಮ್ಮ ಕಾಲು ತಗಸ್ರಿ ಮೇಡಂ."

ಅವಳು ಏನು ಹೇಳುತ್ತಿದ್ದಾಳೆಂದು ತಿಳಿಯಿತು. ಕಾಲು ಮಡಚಿ ಕೂರುತ್ತೇನೆ ಅಂದರೆ ನಂಬುವ ಸ್ಥಿತಿಯಲ್ಲಿ ಅವಳಿರಲಿಲ್ಲ, ನನ್ನ ಕಾಲನ್ನು ನಾನೂ ನಂಬುವಂತಿರಲಿಲ್ಲ. ಪೆಡಲು ತೆಗೆಸಿದರೆ ಲೈಸೆನ್ಸ್ ಇನ್ನೂ ಬಾರದ ಬೇರೆ ಯಾರಿಗೂ ಕಲಿಸುವ ಹಾಗಿಲ್ಲ. ಆಗ ನನ್ನ ಹತ್ತಿರ ಇನ್ನೂ ನಾಲ್ಕು ಜನ ಕಲಿಯುತ್ತಿದ್ದರು. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಯೋಚಿಸಿದೆ. ಆಮೇಲೆ ನಾಲ್ವರಿಗೂ ಫೋನ್ ಮಾಡಿ ಎರಡು ವಾರ ಕ್ಲಾಸಿಲ್ಲ ಅಂದೆ. ಒಬ್ಬರು ಬೇರೆ ಸ್ಕೂಲಿಗೆ ಹೋದರು. ನಮ್ಮ ಮೆಕ್ಯಾನಿಕ್ ಬಂದು, "ಯಾಕಕ್ಕ, ಅಂಗಡಿ ಮುಚ್ತಿದೀರಾ?" ಎಂದು ಕೇಳುತ್ತಲೇ ಎಡಗಡೆಯ ಎರಡೂ ಪೆಡಲು ಬಿಚ್ಚಿ ಡಿಕ್ಕಿಗೆ ಹಾಕಿದ.

ಮೊದಲ ಮೂರು ದಿನ ಏರಿನ ಕಡೆ ಹೋಗಲೇ ಇಲ್ಲ. ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಮುಟ್ಟದೆ ಬರೀ ಕ್ಲಚ್ಚಿನಲ್ಲಿ ಗಾಡಿಯನ್ನು ಒಂದೊಂದು ಮಾರು ಮುಂದಕ್ಕೆ ತೆವಳಿಸುವ ಅಭ್ಯಾಸ. ಎಲ್ಲಿ ಹಿಡಿಯುತ್ತದೆ ಎಂಬುದನ್ನು ಪಾದ ಕಲಿಯಬೇಕು, ಅದನ್ನು ಯಾವ ಬಾಯಿಯೂ ಹೇಳಿಕೊಡಲಾರದು. ನಾಲ್ಕನೇ ದಿನ ಹ್ಯಾಂಡ್‌ಬ್ರೇಕ್ ಸೇರಿಸಿದೆವು. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲುವುದು, ಸ್ವಲ್ಪ ಆಕ್ಸಿಲರೇಟರ್ ಕೊಡುವುದು, ಕ್ಲಚ್ಚನ್ನು ನಿಧಾನವಾಗಿ ಎತ್ತುತ್ತಾ ಬಾನೆಟ್ ತುಸು ಮೇಲೇಳುವವರೆಗೆ ಕಾಯುವುದು, ಆಗ ಕೈ ಬಿಡುವುದು. ಆ ದಿನ ಇಪ್ಪತ್ತು ಸಲ ಆಫ್ ಆಯಿತು. ಮರುದಿನ ಹನ್ನೊಂದು. ನನ್ನ ಹತ್ತಿರ ಉಳಿದಿದ್ದದ್ದು ಬಾಯಿ ಮಾತ್ರ, ಅದನ್ನೂ ಮುಚ್ಚಿಕೊಂಡು ಕೂತೆ. ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ. ಎಂಟನೇ ದಿನ ಹನುಮಂತನಗರದ ಏರಿನಲ್ಲಿ ಹಿಂದೆ ಬಸ್ಸು ನಿಂತು ಹಾರ್ನ್ ಹೊಡೆಯುತ್ತಿದ್ದಾಗ ಅವಳು ಅವಸರಪಡದೆ, ಒಂದಂಗುಲವೂ ಜಾರದೆ ಹೊರಟಳು. ಶಾಭಾಷ್ ಅನ್ನಲಿಲ್ಲ ನಾನು. ಇನ್ನೊಂದು ಸುತ್ತು ಅಂದೆ.

ಹತ್ತು ದಿನ ಮುಗಿದ ಮೇಲೆ ಚಿಕ್ಕಲಸಂದ್ರಕ್ಕೆ ಹೋದೆವು. ಬಿಳಿ ಕಾರು ಅಲ್ಲೇ ಇತ್ತು. ಮೇಷ್ಟ್ರು ಗೇಟು ತೆಗೆಯದೆ ಒಳಗಿನಿಂದಲೇ ಮಾತಾಡಿದರು.

"ನೀವು ಹೇಳಿದ್ರಲ್ಲ ಅಂತ ಗೇರ್‌ಬಾಕ್ಸ್ ಇಳಿಸಿ ನೋಡಿಸ್ದೆ. ಪ್ಲೇಟು ಚೆನ್ನಾಗೇ ಇದೆ ಅಂದ ಮೆಕ್ಯಾನಿಕ್ಕು. ಜೀವಮಾನ ಎಲ್ಲ ಮಕ್ಕಳ ಉತ್ತರ ಪತ್ರಿಕೆ ತಿದ್ದಿದೋನಮ್ಮ ನಾನು. ತಪ್ಪು ಎಲ್ಲಿದೆ ಅಂತ ಗುರುತು ಹಾಕ್ದೆ ಯಾರದೂ ಮಾರ್ಕ್ಸ್ ಕಳೆದಿಲ್ಲ."

"ತಪ್ಪು ನನ್ನ ಕಾಲಲ್ಲಿತ್ತು ಸಾರ್," ಅಂದೆ. ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಗೇರ್‌ಬಾಕ್ಸ್ ಬಿಚ್ಚಿಸಿದ ಖರ್ಚು ನಾನೇ ಕೊಡುತ್ತೇನೆ ಅಂದೆ. ಹುಡುಗಿಯ ಮುಂದೆ ಕೈ ಮುಗಿಯುವುದು ಕಷ್ಟವಾಯಿತು, ಆದರೂ ಮುಗಿದೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ದುಡ್ಡು ಬೇಡ. ಈ ಮಗು ಒಬ್ಬಳೇ ಆ ಮೂಲೆ ಏರು ಹತ್ತಿ, ನಡುವೆ ನಿಲ್ಲಿಸಿ, ಮತ್ತೆ ಹೊರಡಿಸ್ಲಿ. ಆಮೇಲೆ ಮಾತಾಡೋಣ."

ಮೇಷ್ಟ್ರೂ ನಾನೂ ಗೇಟಿನ ಹತ್ತಿರ ನಿಂತೆವು. ಕಾರು ಏರಿನ ನಡುವೆ ನಿಂತಿತು. ಬ್ರೇಕ್ ದೀಪ ಹತ್ತಿ ಆರಿತು. ಕಾರು ಮುಂದಕ್ಕೆ ಹೋಗಿ ಮೂಲೆ ತಿರುಗಿ ಮರೆಯಾಯಿತು. ಒಂದು ಸುತ್ತು ಹಾಕಿ ಬಂದು ಗೇಟಿನ ಮುಂದೆ ನಿಲ್ಲಿಸಿದಾಗ ಮೇಷ್ಟ್ರು ನನ್ನ ಕಡೆ ತಿರುಗಿ, "ಈಗ ಕ್ಲಚ್ ಹೇಗಿದೆಯಂತೆ ಕೇಳಿ," ಅಂದರು.

"ಬರೋಬ್ಬರಿ ಐತ್ರಿ," ಅಂದಳು ಹುಡುಗಿ.

ಆರ್‌ಸಿ ವರ್ಗಾವಣೆಯ ಕಾಗದಗಳಿಗೆ ಸಹಿಯಾಯಿತು, ಇನ್ಶೂರೆನ್ಸ್ ಅವಳ ಹೆಸರಿಗಾಯಿತು. ಒಂದನೇ ತಾರೀಕು ಬೆಳಿಗ್ಗೆ ಕಾರು ತರಲು ಇಬ್ಬರೂ ಮತ್ತೆ ಹೋದೆವು. ಅವಳ ಮೊದಲ ಪೇಷಂಟು ಜಯನಗರದಲ್ಲಿ, ಹತ್ತು ಗಂಟೆಗೆ. ಮೇಷ್ಟ್ರು ಕೀ ಕೊಟ್ಟರು, ಅವಳು ಆಟೋದಲ್ಲಿ ತಂದಿದ್ದ ಸಾಮಾನನ್ನು ಕಾರಿಗೆ ತುಂಬಿದಳು. ನಾನು ಅಭ್ಯಾಸದಂತೆ ಎಡಗಡೆ ಮುಂದಿನ ಬಾಗಿಲು ತೆಗೆದೆ. ಆ ಸೀಟಿನ ಮೇಲೆ ಅವಳ ಮೆಷಿನ್ನು ಕೂತಿತ್ತು, ಅದಕ್ಕೆ ಬೆಲ್ಟು ಬೇರೆ ಹಾಕಿದ್ದಳು.

"ಮೇಡಂ, ನೀವು ಹಿಂದ ಕೂಡ್ರಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕೋಚವೂ ಇರಲಿಲ್ಲ.

ಹಿಂದೆ ಹೋಗಿ ವಾಕರಿನ ಪಕ್ಕ ಕೂತೆ. ಸಿಟಿಯಲ್ಲಿ ಕಾರಿನ ಹಿಂದಿನ ಸೀಟಿನಿಂದ ರಸ್ತೆ ನೋಡಿ ಎಷ್ಟು ವರ್ಷವಾಗಿತ್ತೋ. ಕತ್ರಿಗುಪ್ಪೆ ಹತ್ತಿರ ಬರುವಾಗ ಏರಿನಲ್ಲಿ ಸಿಗ್ನಲ್ ಬಿತ್ತು. ಹಿಂದೆ ಟೆಂಪೋ ಒಂದು ಮೂಗು ತಾಗುವಷ್ಟು ಹತ್ತಿರ ಬಂದು ನಿಂತಿತು. ಅವಳು ಹ್ಯಾಂಡ್‌ಬ್ರೇಕ್ ಎಳೆದು, ಪೇಷಂಟಿನ ಮನೆಯ ದಾರಿಯನ್ನು ಫೋನಿನಲ್ಲಿ ಕೇಳಿ ಬರೆದಿಟ್ಟುಕೊಂಡಿದ್ದ ಚೀಟಿಯನ್ನು ಮತ್ತೊಮ್ಮೆ ಓದುತ್ತಿದ್ದಳು. ಹಸಿರು ಬಂತು. ಬಾನೆಟ್ ತುಸು ಮೇಲೆದ್ದಿತು, ಕಾರು ಹೊರಟಿತು. ಕನ್ನಡಿಯಲ್ಲಿ ಅವಳು ಟೆಂಪೋವನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಅದರಿಂದಲೇ ನನಗೆ ಸಂತೋಷವಾಯಿತು.

"ಎಲ್ಲೆ ಇಳಸಲ್ರಿ ಮೇಡಂ?"

ನಮ್ಮ ಮನೆ ಇನ್ನೂ ನಾಲ್ಕು ತಿರುವು ಆಚೆಗಿತ್ತು, ಅವಳ ಪೇಷಂಟಿನ ದಾರಿ ನೇರಕ್ಕೆ. ಇಲ್ಲೇ ಸಾಕಮ್ಮ ಅಂದೆ. ಇಂಡಿಕೇಟರ್ ಹಾಕಿ, ಎಡಕ್ಕೆ ತಂದು ನಿಲ್ಲಿಸಿದಳು. ನಾನು ಇಳಿದು ಬಾಗಿಲು ಹಾಕಿದೆ.